ಬುರುಗು ಕಂಡವರು ಕೈ ಎತ್ತಿರಿ

ಹುಮನಾಬಾದಿನ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಪುಡಿಗೆ ಆ್ಯಸಿಡ್ ಹಾಕಿದಾಗ ಬುರುಗು ಬಂತೋ ಇಲ್ಲವೋ ಎಂಬುದನ್ನು ಕೈ ಎತ್ತಿಸಿ ತೀರ್ಮಾನ ಮಾಡಿದರು. ನಾನು ಅಲ್ಲಿದ್ದೆ. ಇದನ್ನು ಹೇಳಿದಾಗಲೆಲ್ಲ ಕೇಳಿದವರು ನಗುತ್ತಾರೆ, ಇವಳು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅದಕ್ಕಾಗಿ ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಬರೆಯುತ್ತೇನೆ. ನನಗೆ ಗೊತ್ತಿಲ್ಲದ್ದು ಬಂದ ಕಡೆ ಗೊತ್ತಿಲ್ಲ ಎಂದು ಬರೆಯುತ್ತೇನೆ.

ಹತ್ತನೆಯ ತರಗತಿಯನ್ನು ನಾನೂ ನನ್ನ ಗೆಳತಿಯೂ ಬಸವಕಲ್ಯಾಣದ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಮುಗಿಸಿದ್ದೆವು. ನಮ್ಮದು ಮುಡಬಿ, ಮನೆಯಲ್ಲಿ ಕುರಿ, ಸ್ವಲ್ಪ ಹೊಲ. ಗೆಳತಿಯದು ಕೊಹಿನೂರ, ಅವಳ ಅವ್ವ ಬೇರೆಯವರ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಇಬ್ಬರೂ ಶೇರ್ ಆಟೋದಲ್ಲಿ ಬರುವವರು, ಆಟೋ ತುಂಬಿದ ಹೊರತು ಹೊರಡದ ಕಾರಣ ಇಬ್ಬರೂ ದಿನಾ ತಡವಾಗಿ ಬರುವವರು. ತಡವಾಗಿ ಬಂದವರಿಗೆ ಉಳಿಯುತ್ತಿದ್ದುದು ಹಿಂದಿನ ಒಂದೇ ಬೆಂಚು. ನಮ್ಮ ಸ್ನೇಹಕ್ಕೆ ಅದಕ್ಕಿಂತ ದೊಡ್ಡ ಕಾರಣವಿಲ್ಲ.

ಅವಳಿಗೆ ರಸಾಯನಶಾಸ್ತ್ರದ ಹುಚ್ಚು ಹಿಡಿದದ್ದು ಆ ಬೆಂಚಿನಲ್ಲಿ. ಒಮ್ಮೆ ವಿಜ್ಞಾನದ ಮೇಡಂ ಸುಣ್ಣದ ತಿಳಿಯನ್ನು ಗ್ಲಾಸಿನಲ್ಲಿ ಕೊಟ್ಟು ಕೊಳವೆಯಿಂದ ಊದಿಸಿದರು. ತಿಳಿ ಹಾಲಿನಂತಾಯಿತು. ಎಲ್ಲರೂ ಊದಿ ಬಿಟ್ಟರು, ಅವಳು ಬಿಡಲಿಲ್ಲ. ಊದುತ್ತ ಊದುತ್ತ ಹೋದಳು, ಹಾಲಿನಂತಿದ್ದದ್ದು ಮತ್ತೆ ತಿಳಿಯಾಯಿತು. ಅವಳು ಗ್ಲಾಸನ್ನು ಬೆಳಕಿಗೆ ಹಿಡಿದು ನನ್ನ ಕಡೆಗೆ ತಿರುಗಿದಾಗ ಅವಳ ಮುಖ ಹೇಗಿತ್ತು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಅವಳ ಮನೆಯಲ್ಲಿ ನಡೆಯುವುದು ಅವಳ ಕಾಕಾನ ಮಾತು. ಕಾಕಾ ಕೆಟ್ಟವನಲ್ಲ. ಸೈನ್ಸ್ ಓದುವುದಾದರೆ ಹಾಸ್ಟೆಲಿನಲ್ಲಿ ಇದ್ದು ಓದಲಿ, ಪ್ರ್ಯಾಕ್ಟಿಕಲ್ ಮುಗಿಸಿ ಸಂಜೆ ಕತ್ತಲಾದ ಮೇಲೆ ಹುಮನಾಬಾದಿನಿಂದಾಗಲಿ ಬಸವಕಲ್ಯಾಣದಿಂದಾಗಲಿ ಒಬ್ಬಳೇ ಬರುವುದು ಬೇಡ ಎಂದಿದ್ದ. ಹಾಸ್ಟೆಲ್ ಸಿಗದಿದ್ದರೆ ಬಸವಕಲ್ಯಾಣದಲ್ಲಿ ಮಧ್ಯಾಹ್ನಕ್ಕೇ ಬಿಡುವ ಆರ್ಟ್ಸ್ ಸೇರಬೇಕು. ಹುಮನಾಬಾದಿನ ಆ ಕಾಲೇಜಿನಲ್ಲಿ ಹಾಸ್ಟೆಲ್ ಕೊಡುತ್ತಿದ್ದುದು 'ಅಡ್ವಾನ್ಸ್ಡ್ ಬ್ಯಾಚ್' ಎಂದು ಅವರು ಕರೆಯುತ್ತಿದ್ದ ಆಯ್ದ ಮಕ್ಕಳಿಗೆ ಮಾತ್ರ. ಆ ಬ್ಯಾಚಿಗೆ ರಸಾಯನಶಾಸ್ತ್ರವನ್ನು ಉಳಿದವರಿಗಿಂತ ಮೇಲಿನ ಮಟ್ಟದಲ್ಲಿ ಕಲಿಸುತ್ತಾರೆ ಎಂದು ಪ್ರಚಾರವಿತ್ತು. ಬೇಸಿಗೆಯಲ್ಲಿ ಪೂರ್ವತಯಾರಿಯ ತರಗತಿ, ಅದರ ಕೊನೆಗೆ ಒಂದು ಪ್ರಾಯೋಗಿಕ ಪರೀಕ್ಷೆ, ಅದರಲ್ಲಿ ಪಾಸಾದವರು ಬ್ಯಾಚಿಗೆ. ಅಂದರೆ ಗೆಳತಿ ಮುಂದೆ ಏನು ಓದುತ್ತಾಳೆ ಎಂಬುದು ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು. ನನಗೆ ಅಂಥದ್ದೇನೂ ಇರಲಿಲ್ಲ. ಬಸವಕಲ್ಯಾಣದಲ್ಲಿಯೇ ಸಾದಾ ಸೈನ್ಸ್ ಸೇರಲು ನಮ್ಮಪ್ಪ ಒಪ್ಪಿದ್ದ. ನಾನು ಹೋದದ್ದು ಅವಳ ಜೊತೆಗಾಗಿ.

ಬೆಳಿಗ್ಗೆ ಬಸವಕಲ್ಯಾಣದಲ್ಲಿ ಕೂಡಿ ಹುಮನಾಬಾದಿನ ಬಸ್ಸು ಹತ್ತುತ್ತಿದ್ದೆವು. ಸಸ್ತಾಪುರ ಬಂಗ್ಲಾ ದಾಟುವಷ್ಟರಲ್ಲಿ ಅವಳು ಪಿಯುಸಿಯ ಇಂಗ್ಲಿಷ್ ಪುಸ್ತಕ ತೆಗೆಯುತ್ತಿದ್ದಳು. ಒಂದು ವಾಕ್ಯ ಓದುವುದು, ನಿಘಂಟು ನೋಡುವುದು, ಕನ್ನಡದಲ್ಲಿ ನನಗೆ ಹೇಳುವುದು. ರಾಜೇಶ್ವರ ಬರುವಷ್ಟರಲ್ಲಿ ಒಂದು ಪುಟ ಮುಗಿದರೆ ಅವತ್ತು ಹಬ್ಬ. ನಾನು ಕಿಟಕಿಯಿಂದ ಹೊರಗೆ ನೋಡುತ್ತ ಹೂಂ ಅನ್ನುತ್ತಿದ್ದೆ.

ಇಂಥ ಹುಡುಗಿಗೆ ಸಿಕ್ಕವರು ಆ ತರಗತಿಯ ಸರ್. ಅವರಿಗೆ ರಸಾಯನಶಾಸ್ತ್ರವೆಂದರೆ ಬಾಯಿಂದ ಹುಟ್ಟಿ ಬಾಯಲ್ಲಿಯೇ ಮುಗಿಯುವ ಒಂದು ಪದಾರ್ಥ. ಬೇಸಿಗೆಯಿಡೀ ಪ್ರಯೋಗಶಾಲೆಯಲ್ಲಿ ಗ್ಯಾಸ್ ಇರಲಿಲ್ಲ. ಕೇಳಿದರೆ "ಸಿಲಿಂಡರ್ ಬರಾಕತ್ತದ" ಅನ್ನುತ್ತಿದ್ದರು. ಯಾವ ಊರಿನಿಂದ ನಡೆದುಕೊಂಡು ಬರುತ್ತಿತ್ತೋ ಗೊತ್ತಿಲ್ಲ. ಆ್ಯಸಿಡಿನ ಬಾಟಲಿಗಳು ಕಪಾಟಿನಲ್ಲಿದ್ದವು, ಕಪಾಟಿಗೆ ಬೀಗ. ಹಾಗಾಗಿ ಅವರು ಒಂದು ಪದ್ಧತಿ ಕಂಡುಹಿಡಿದಿದ್ದರು. ಅದಕ್ಕೆ 'ಡ್ರೈ ಪ್ರ್ಯಾಕ್ಟೀಸ್' ಎಂದು ಹೆಸರು. ಎಲ್ಲರ ಕೈಯಲ್ಲೂ ಒಂದೊಂದು ಖಾಲಿ ಗಾಜಿನ ನಳಿಗೆ. ಸರ್ ವೇದಿಕೆಯ ಮೇಲೆ ನಿಂತು ಕೇಳುತ್ತಿದ್ದರು, ನಾವು ಒಕ್ಕೊರಲಿನಿಂದ ಹೇಳಬೇಕು.

"ಪುಡಿ ಹಾಕಿದ್ರಿ?"

"ಹಾಕಿದ್ವಿ ಸರ್!"

"ಆ್ಯಸಿಡ್ ಬಿಟ್ರಿ?"

"ಬಿಟ್ವಿ ಸರ್!"

"ವಾಸನಿ?"

"ಕೊಳತ ತತ್ತಿ ಸರ್!"

ಒಬ್ಬ ಹುಡುಗ, ಹುಮನಾಬಾದಿನವನೇ, ಒಳ್ಳೆಯ ಇಂಗ್ಲಿಷ್ ಶಾಲೆಯಿಂದ ಬಂದವನು, ಖಾಲಿ ನಳಿಗೆಯನ್ನು ಮೂಗಿನ ಹತ್ತಿರ ತಂದು ಮುಖ ಸಿಂಡರಿಸಿ ಕರ್ಚೀಫು ಒತ್ತಿಕೊಂಡ. ಸರ್ ಅವನ ಬೆನ್ನು ತಟ್ಟಿದರು. "ಇವನ್ನ ನೋಡ್ರಿ. ಇವಗ ಫೀಲಿಂಗ್ ಅದ. ಉಳದವ್ರು ಮಾರಿ ಹಂಗ ಕಲ್ಲಿನಂಗ ಇಟ್ಕೊಂಡ್ರ ಸಬ್ಜೆಕ್ಟ್ ಹ್ಯಾಂಗ ಬರ್ತದ?" ಮರುದಿನದಿಂದ ಅರ್ಧ ತರಗತಿ ಖಾಲಿ ಗಾಜಿಗೆ ಮೂಗು ಮುಚ್ಚಿಕೊಳ್ಳತೊಡಗಿತು. ಒಬ್ಬಳು ಕೆಮ್ಮಿದಳು ಕೂಡ.

ಗೆಳತಿ ಎದ್ದು ನಿಂತು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. "ಸರ್, ಖಾಲಿ ನಳಿಗಿಯೊಳಗ ವಾಸನಿ ಹ್ಯಾಂಗ ಬರ್ತದ್ರಿ?"

"ಈಗ ಬರಲ್ಲವ್ವ. ಪರೀಕ್ಷಾದಾಗ ಬರ್ತದ."

"ಖರೇನ ಉರಿ ಯಾವಾಗ ಹಚ್ಚೋದ್ರಿ ಸರ್?"

"ಯಾಕ, ನಮ್ ಕಾಲೇಜ್ ಸುಡಬೇಕಂತ ಬಂದೀ ಏನು ಕೊಹಿನೂರದಿಂದ?"

ತರಗತಿ ನಕ್ಕಿತು. ಅವಳೂ ನಕ್ಕಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಿಲಿಂಡರ್ ಬರುತ್ತದೆ ಎಂದು ಅವಳು ನಂಬಿದ್ದಳು.

ಮಧ್ಯೆ ಒಂದು ದಿನ ಫೋಟೋ ತೆಗೆಯುವವರು ಬಂದರು. ಬಿಳಿ ಕೋಟುಗಳು ಕೆಲವೇ ಇದ್ದವು. ಒಬ್ಬರು ಬಿಚ್ಚಿ ಇನ್ನೊಬ್ಬರಿಗೆ ಕೊಟ್ಟು ಫೋಟೋಗೆ ನಿಂತೆವು. ಹೋಳಿಯಲ್ಲಿ ಉಳಿದಿದ್ದ ಬಣ್ಣವನ್ನು ನೀರಿಗೆ ಹಾಕಿ ನಳಿಗೆಗಳಲ್ಲಿ ತುಂಬಿಸಿದರು. ಕೆಂಪು, ಹಸಿರು, ಕಡುನೀಲಿ. ಬಸ್ ನಿಲ್ದಾಣದ ಎದುರು ದೊಡ್ಡ ಬ್ಯಾನರ್ ಬಿತ್ತು. ಮೂಗು ಮುಚ್ಚಿಕೊಳ್ಳುವ ಹುಡುಗ ಅದರ ನಡುವೆ ಹಸಿರು ನಳಿಗೆಯನ್ನು ಬೆಳಕಿಗೆ ಹಿಡಿದು, ಏನೋ ಕಂಡುಹಿಡಿದವನಂತೆ ಹುಬ್ಬು ಗಂಟಿಕ್ಕಿ ನಿಂತಿದ್ದ. ಕುರಿ ಮಾರಲು ಬಂದಿದ್ದ ನಮ್ಮಪ್ಪ ಅದನ್ನು ನೋಡಿ ಕೇಳಿದ: "ಯಾವ ಶರಬತ್ತವ್ವಾ ಅದು? ಇಷ್ಟು ಚಿಕ್ಕ ಗ್ಲಾಸಿನ್ಯಾಗ ಕೊಡ್ತಾರ?"

ಪರೀಕ್ಷೆಯ ಹಿಂದಿನ ದಿನ ತರಗತಿ ಮುಗಿಯುವಾಗ ಸರ್ ಬಾಗಿಲು ಮುಚ್ಚಿ ಬಂದು ಮೇಜಿನ ಅಂಚಿಗೆ ಕುಳಿತರು.

"ನಾಳಿ ಎಲ್ಲಾರಿಗೂ ಬೇರಿಯಂ ಕ್ಲೋರೈಡ್. ನಾ ಹೇಳಿಲ್ಲ, ನೀವು ಕೇಳಿಲ್ಲ. ಆ್ಯಸಿಡ್ ಹಾಕಿದ್ರ ಬುರುಗು ಇಲ್ಲ. ಉರಿ ಹಸರ. ಬಾಯಿಪಾಠ ಮಾಡ್ಕೊಂಡ್ ಬರ್ರಿ, ಜಲ್ದಿ ಮುಗಸೋಣು."

ಯಾರಿಗೂ ಆಶ್ಚರ್ಯವಾಗಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಯಾವ ಪುಡಿ ಬರುತ್ತದೆ ಎಂದು ಮೊದಲೇ ಹೇಳುವುದು ಅಲ್ಲಿ ಕದ್ದು ಮಾಡುವ ಕೆಲಸವಾಗಿರಲಿಲ್ಲ. ಅದು ಮಕ್ಕಳ ಮೇಲಿನ ಪ್ರೀತಿ ಎಂದು ನಡೆದು ಬಂದಿತ್ತು. ಹಾಗೆ ಹೇಳದ ಸರ್‌ಗಳನ್ನು ತಂದೆ ತಾಯಂದಿರು ಬೈಯುತ್ತಿದ್ದರು. ಗೆಳತಿಯೂ ಅದನ್ನು ಬಾಯಿಪಾಠ ಮಾಡಿದಳು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಮರುದಿನ ಅವಳನ್ನು ಜಗಳಗಂಟಿ ಎಂದರು. ಅವಳು ಜಗಳಕ್ಕೆಂದು ಬಂದವಳಲ್ಲ. ಬುರುಗು ಇಲ್ಲ, ಉರಿ ಹಸಿರು ಎಂದು ಬರೆಯುವುದಕ್ಕೇ ತಯಾರಾಗಿ ಬಂದಿದ್ದಳು.

ಪರೀಕ್ಷೆಯ ದಿನ ಸಿಲಿಂಡರ್ ಬಂದಿತ್ತು. ಆಡಳಿತ ಮಂಡಳಿಯ ಅಧ್ಯಕ್ಷರು ಬರುವವರಿದ್ದರಂತೆ. ಅವತ್ತು ಪಾಸಾದವರು ಅವತ್ತೇ ಹಾಸ್ಟೆಲ್ ಸೇರಬೇಕಾದ್ದರಿಂದ ಗೆಳತಿಯ ಅವ್ವ ಟ್ರಂಕು, ಹಾಸಿಗೆಯ ಸುರುಳಿ ಹೊತ್ತು ಬಂದು ಸೈಕಲ್ ಸ್ಟ್ಯಾಂಡಿನ ತಗಡಿನ ನೆರಳಲ್ಲಿ ಕುಳಿತಿದ್ದಳು. ಒಳಗೆ ಬೆಂಚಿಗೆ ಇಬ್ಬರಂತೆ ನಿಲ್ಲಿಸಿದರು. ಮುಂದೆ ಹಳೆಯ ಪೇಪರಿನಲ್ಲಿ ಕಟ್ಟಿದ ಪುಡಿಯ ಪೊಟ್ಟಣ, ನಳಿಗೆ, ನೀರು ಬೆರೆಸಿದ ಆ್ಯಸಿಡ್, ಬರ್ನರ್, ತಂತಿ. ಬೇಸಿಗೆಯಿಡೀ ಇವುಗಳ ಹೆಸರನ್ನು ಕೂಗಿದ್ದೆವು. ನಳಿಗೆಯೊಂದನ್ನು ಬಿಟ್ಟರೆ ಉಳಿದವನ್ನು ಮುಟ್ಟಿದ್ದು ಅವತ್ತೇ ಮೊದಲು. ಬೇರಿಯಂ ಕ್ಲೋರೈಡ್ ವಿಷ, ಬಾಯಿಗೆ ಕೈ ಹಚ್ಚಬೇಡಿ ಎಂದು ಯಾರೂ ಹೇಳಲಿಲ್ಲ. ಅದು ಪುಸ್ತಕದಲ್ಲಿತ್ತು. ಅವಳು ಬಸ್ಸಿನಲ್ಲಿ ಓದಿದ್ದಳು, ನನಗೂ ಹೇಳಿದಳು.

ಅವಳು ಚಿಟಿಕೆ ಪುಡಿಯನ್ನು ನಳಿಗೆಗೆ ಹಾಕಿ, ಆ್ಯಸಿಡ್ ಬಿಟ್ಟಳು. ಸಣ್ಣಗೆ ಚುರ್ ಎಂದಿತು. ಬಿಳಿ ಬುರುಗು ಎದ್ದು ನಳಿಗೆಯ ಬಾಯಿಯವರೆಗೆ ಬಂದು, ಹೊರಗೆ ಇಳಿದು ಅವಳ ಹೆಬ್ಬೆರಳನ್ನು ತೋಯಿಸಿತು. ಅವಳು ನನ್ನ ಮುಖ ನೋಡಿದಳು. ನಾನು ನನ್ನ ನಳಿಗೆಗೆ ಹಾಕಿದೆ. ನನ್ನದೂ ಉಕ್ಕಿತು.

ನಾನು ತಲೆ ಎತ್ತಿ ಸುತ್ತ ನೋಡಿದೆ. ಎಲ್ಲ ಬೆಂಚುಗಳ ಮೇಲೂ ಬುರುಗು. ಕೋಣೆಯ ತುಂಬ ಅದೇ ಚುರುಚುರು ಸದ್ದು. ಆಮೇಲೆ ಒಬ್ಬೊಬ್ಬರಾಗಿ ಪೆನ್ನು ಎತ್ತಿಕೊಂಡರು. ಪಕ್ಕದ ಬೆಂಚಿನಲ್ಲಿ ಬ್ಯಾನರಿನ ಹುಡುಗ ಇದ್ದ. ಅವನ ನಳಿಗೆಯಿಂದ ಬುರುಗು ಇನ್ನೂ ಮೇಜಿನ ಮೇಲೆ ಇಳಿಯುತ್ತಿತ್ತು. ಹಾಳೆ ತೋಯಬಾರದೆಂದು ಅವನು ಅದನ್ನು ಆಚೆಗೆ ಸರಿಸಿದ. ಒದ್ದೆಯಾಗದ ಜಾಗದಲ್ಲಿ ಇಟ್ಟುಕೊಂಡು, ಸುಂದರ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ಬುರುಗು ಬರಲಿಲ್ಲ ಎಂದು ಬರೆದ. ನಾನು ಅವನ ಹಾಳೆಯನ್ನು ಕಣ್ಣಾರೆ ಓದಿದ್ದೇನೆ. ಸುಳ್ಳು ಬರೆಯುವವರನ್ನು ಅದಕ್ಕೂ ಮೊದಲು ಕಂಡಿದ್ದೆ, ಆಮೇಲೂ ಕಂಡಿದ್ದೇನೆ. ಸುಳ್ಳು ಒದ್ದೆಯಾಗದಂತೆ ಇಷ್ಟು ಜೋಪಾನವಾಗಿ ನಿಜವನ್ನು ಪಕ್ಕಕ್ಕೆ ಬಿಟ್ಟು ಬರೆದವನನ್ನು ಮತ್ತೆ ಕಂಡಿಲ್ಲ.

ಗೆಳತಿ ಇನ್ನೊಂದು ಚಿಟಿಕೆ ಹಾಕಿ, ಈ ಸಲ ಆ್ಯಸಿಡನ್ನು ಹನಿ ಹನಿಯಾಗಿ ಬಿಟ್ಟಳು. ಹನಿಗೊಮ್ಮೆ ಬುರುಗು. ತಂತಿಗೆ ಪುಡಿ ಹಚ್ಚಿ ಉರಿಗೆ ಹಿಡಿದಳು. ಉರಿ ಹಳದಿಯಾಯಿತು. ತಂತಿ ಸ್ವಚ್ಛವಾಗಿರದಿದ್ದರೂ ಹಳದಿ ಬರುತ್ತದೆ, ಅದಕ್ಕಾಗಿ ಉರಿಯನ್ನು ನಾನು ಸಾಕ್ಷಿಯಾಗಿ ಹಿಡಿಯುವುದಿಲ್ಲ. ಆದರೆ ತಂತಿಯ ಕೊಳೆಯಿಂದ ಬುರುಗು ಏಳುವುದಿಲ್ಲ. ಬುರುಗಿನ ಗಾಳಿಯನ್ನು ಪರೀಕ್ಷಿಸಲು ಅವಳು ಸುಣ್ಣದ ತಿಳಿ ಬೇಕೆಂದಳು. ಇಟ್ಟಿರಲಿಲ್ಲ. ಬೇರಿಯಂ ಕ್ಲೋರೈಡಿಗೆ ಅದರ ಕೆಲಸವೇ ಇಲ್ಲವಲ್ಲ.

"ಸರ್, ಪುಡಿ ಬದಲಾಗ್ಯಾದ ಅನಸ್ತದ್ರಿ," ಎಂದಳು. ಉಪಕಾರ ಮಾಡುವ ದನಿ ಅದು.

"ಏನೂ ಬದಲಾಗಿಲ್ಲ. ಬಾಯಿ ಮುಚ್ಚಿ ಬರಿ."

ಅವಳು ಪೆನ್ನು ಎತ್ತಿಕೊಂಡಳು. ಮೆಲ್ಲಗೆ ನನಗೆ, "ಬುರುಗು ಬಂದ ಮ್ಯಾಲ ಇಲ್ಲ ಅಂತ ಹ್ಯಾಂಗ ಬರೀಲೇ? ಮುಂದನೇ ಕುಂತದಲ್ಲ ಅದು," ಎಂದಳು. ಬರೆದಳು: ಬುರುಗು ಬಂತು, ವಾಸನೆ ಇಲ್ಲ, ಉರಿ ಹಳದಿ, ಇದು ಸೋಡಿಯಂ ಕಾರ್ಬೊನೇಟ್ ಇರಬಹುದು. ನಾನೂ ಕಂಡದ್ದನ್ನು ಬರೆದೆ.

ಪುಡಿ ನಿಜವಾಗಿ ಏನಾಗಿತ್ತು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಆಮೇಲೆ ಬಸವಕಲ್ಯಾಣದ ಕಾಲೇಜಿನಲ್ಲಿ ಇಂಥ ಪುಡಿಗಳನ್ನು ನಾನೇ ಎಷ್ಟೋ ಸಲ ಪರೀಕ್ಷಿಸಿದ್ದೇನೆ. ಅದರ ಮೇಲಿಂದ ಹೇಳುವುದಾದರೆ, ಬಟ್ಟೆ ಒಗೆಯುವ ಸೋಡಾವನ್ನೋ ಅಂಥದ್ದೇ ಇನ್ನೊಂದನ್ನೋ ತಪ್ಪು ಬಾಟಲಿಯಿಂದ ಕಟ್ಟಿದ್ದರು. ತಪ್ಪು ಯಾರಿಗೂ ಆಗುತ್ತದೆ. ಒಂದು ಹನಿ ಆ್ಯಸಿಡ್ ಹಾಕಿ ನೋಡಿದ್ದರೆ ಸರ್‌ಗೆ ತಪ್ಪು ತಿಳಿಯುತ್ತಿತ್ತು. ಅದು ಅವರ ವಿದ್ಯೆಯಲ್ಲಿ ಇರಲಿಲ್ಲ.

ಅಧ್ಯಕ್ಷರು ಬಂದರು. ಬಿಳಿ ಬಟ್ಟೆ, ಹೆಗಲಿಗೆ ಶಾಲು, ಹಿಂದೆ ಮೊಬೈಲ್ ಹಿಡಿದು ಫೋಟೋ ತೆಗೆಯುವ ಒಬ್ಬ. ಸರ್ ಹಾಳೆಗಳನ್ನು ಕೂಡಿಸಿ, "ನೂರಕ್ಕ ನೂರು ರಿಸಲ್ಟ್ ಅದ್ರಿ ಸಾಹೇಬ್ರ," ಎನ್ನುತ್ತ ಮೇಲೆ ಮೇಲೆ ತಿರುವಿದರು. ಒಂದು ಹಾಳೆಗೆ ಬಂದು ಕೈ ನಿಂತಿತು. ಅದನ್ನು ಎತ್ತಿ ಹಿಡಿದು ದೊಡ್ಡ ದನಿಯಲ್ಲಿ ಓದಿದರು. "ಬುರುಗು ಬಂತಂತ! ಹಳದಿ ಉರಿಯಂತ!" ತರಗತಿ ನಕ್ಕಿತು. ಬೆರಳುಗಳಿಗೆ ಇನ್ನೂ ಬುರುಗು ಅಂಟಿದ್ದವರೂ ನಕ್ಕರು.

"ಬಂತ್ರಿ ಸರ್," ಎಂದಳು ಗೆಳತಿ.

"ಬರಬಾರದವ್ವ ಅದು."

"ಬರಬಾರದ್ರಿ. ಖರೆ ಬಂತ್ರಿ."

ಅಧ್ಯಕ್ಷರು ನಿಂತರು. "ಏನದು ತಕರಾರು?"

"ಈಕಿ ಬುರುಗು ಬಂತಂತಾಳ್ರಿ ಸಾಹೇಬ್ರ."

"ಬರಬೇಕೋ ಬರಬಾರದೋ?"

"ಬರಬಾರದ್ರಿ."

"ಹಂಗಾದ್ರ ಬಂದಿಲ್ಲ," ಎಂದರು ಅಧ್ಯಕ್ಷರು. ಆಮೇಲೆ ನ್ಯಾಯವಂತರಂತೆ ಸ್ವಲ್ಪ ಯೋಚಿಸಿ, "ಆತು, ಹುಡುಗಿ ಮನಸಿಗಿ ಬ್ಯಾಸರ ಬ್ಯಾಡ. ಕೈ ಎತ್ತಸ್ರಿ. ಮುಗೀತಲ್ಲ," ಎಂದರು. ಸಂಘ, ಸೊಸೈಟಿ, ಸಮಾಜದ ಸಭೆ, ಎಲ್ಲವನ್ನೂ ಅವರು ಹಾಗೆಯೇ ನಡೆಸಿಕೊಂಡು ಬಂದವರು. ಅವರಿಗೆ ಇದೂ ಒಂದು ಠರಾವು.

ಸರ್‌ಗೆ ಜೀವ ಬಂತು. "ಬುರುಗು ಕಂಡವ್ರು ಕೈ ಎತ್ರಿ!"

ನಾನು ಎತ್ತಿದೆ. ಗೆಳತಿಯೂ ಎತ್ತಿದಳು.

"ನೀ ಇಳಸವ್ವ," ಎಂದರು ಸರ್. "ನೀ ತಕರಾರಿನಾಕಿ. ನಿನ್ನ ಕೈ ಲೆಕ್ಕಕ್ಕ ಹಿಡಿಯಂಗಿಲ್ಲ."

ಅವಳು ಇಳಿಸಿದಳು. ಒಂದೇ ಕೈ ಉಳಿಯಿತು, ನನ್ನದು. ಅದು ಇಳಿಯಬಾರದೆಂದು ಎಡಗೈಯಿಂದ ಮೊಣಕೈಯನ್ನು ಹಿಡಿದುಕೊಂಡೆ. "ಇಲ್ಲ ಅನ್ನವ್ರು?" ಎಂದಾಗ ಕೋಣೆಯ ಉಳಿದ ಕೈಗಳೆಲ್ಲ ಮೇಲೆ ಹೋದವು. ಬ್ಯಾನರಿನ ಹುಡುಗ ಎರಡೂ ಕೈ ಎತ್ತಿದ್ದ. ಸರ್ ಅದನ್ನು ತಿದ್ದಲಿಲ್ಲ. ಆ ಮಕ್ಕಳು ಈಗ ಎಲ್ಲೆಲ್ಲಿ ಏನೇನು ಓದುತ್ತಿದ್ದಾರೋ ನಾನು ವಿಚಾರಿಸಿಲ್ಲ. ಅವರಲ್ಲಿ ಯಾರಾದರೂ ಡಾಕ್ಟರಾಗಿ ನನ್ನ ನಾಡಿ ಹಿಡಿದರೆ, ಅವರಿಗೆ ಅದು ಕಂಡಂತೆ ಬರೆಯುತ್ತಾರೋ ಇರಬೇಕಾದಂತೆ ಬರೆಯುತ್ತಾರೋ ಎಂಬ ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ.

"ಪುಡಿ ಇನ್ನೂ ಉಳದದ್ರಿ ಸರ್," ಎಂದಳು ಗೆಳತಿ. ಈಗ ಅವಳ ದನಿ ಸಣ್ಣದಾಗಿತ್ತು. "ನಿಮ್ ಮುಂದನೇ ಹಾಕಿ ತೋರಸ್ತೀನ್ರಿ. ಒಂದ ಹನಿ."

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಸರ್ ಬಂದು ಅವಳ ಮುಂದಿದ್ದ ಪೊಟ್ಟಣವನ್ನು ಮಡಚಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ಎತ್ತರದಿಂದ ಬಿಟ್ರ ನೀರಿನ್ಯಾಗೂ ಗುಳ್ಳಿ ಏಳ್ತಾವ. ಕಲಿಯೋದು ಭಾಳ ಅದ ಇನ್ನ ನಿಂದು," ಎಂದರು. ಪ್ರೀತಿಯಿಂದಲೇ ಅಂದರು. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಂಡದ್ದಕ್ಕೆ ಇನ್ನೊಂದು ಕಾರಣ ಹುಡುಕುವ ಬುದ್ಧಿ ಆ ಮನುಷ್ಯನಿಗೆ ಇತ್ತು. ಅದನ್ನು ಅವರು ಬೇಸಿಗೆಯಿಡೀ ಬಳಸದೆ ಇಂಥದ್ದಕ್ಕೆಂದೇ ಉಳಿಸಿಟ್ಟಿದ್ದರು.

ಅಧ್ಯಕ್ಷರು ಹೋದ ಮೇಲೆ ಅವರು ಹೊಸ ಹಾಳೆ ತಂದಿಟ್ಟರು. "ಶಾಣೇಕಿ ಇದ್ದಿ, ನಿನ್ನ ಬಿಡಾಕ ಮನಸಿಲ್ಲ. ಬರಾಬರ್ ಬರದು ಕೊಡು. ಸೀಟು ಅದ, ಹಾಸ್ಟೆಲ್ ಅದ. ಇಲ್ಲಂದ್ರ ನಿಮ್ಮವ್ವನ್ನ ಕರೀತೀನಿ."

ಅವಳು ಹಾಳೆಯನ್ನು ಮುಟ್ಟಲಿಲ್ಲ. ಅವ್ವನನ್ನು ಕರೆಸಿದರು. ಅವ್ವ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಸೆರಗು ಹೊದ್ದು ಒಳಗೆ ಬಂದಳು. ಸರ್ ಅವಳಿಗೆ ತಿಳಿಯುವಂತೆ ಹೇಳಿದರು: ಉರಿ ಹಸಿರು ಎಂದು ಬರೆಯಬೇಕು, ನಿಮ್ಮ ಮಗಳು ಹಳದಿ ಅನ್ನುತ್ತಾಳೆ, ಇಷ್ಟೇ.

ಅವ್ವ ಮಗಳನ್ನು ನೋಡಿದಳು. "ಇದಕ್ಕ ನಿಂತೀ? ಹಸರ ಅಂದ್ರ ಹಸರ ಬರಿಯೇ. ನಿಂದೇನ್ ಗಂಟ ಹೋಗ್ತದ?"

"ಬುರುಗು ಬಂದಿತ್ತವ್ವ."

"ಬಂದ್ರ ಬರ್ಲಿ! ಬುರುಗು ಕಟಗೊಂಡು ಕೊಹಿನೂರಕ ಬರ್ತೀ ಏನ್ ನೀ? ನಿಮ್ ಕಾಕಾಗ ಏನಂತ ಹೇಳ್ಲಿ, ಬುರುಗು ಬಂತಪಾ ಅದಕ್ಕ ಟ್ರಂಕ್ ತಿರಗಿ ಹೊತಗೊಂಡ್ ಬಂದೀವಿ ಅಂತ?" ಸರ್ ಕಡೆಗೆ ತಿರುಗಿ, "ಸಣ್ಣದ್ರಿ ಯಪ್ಪಾ, ಜಿದ್ದಿಂದು. ಬರೀತಾಳ. ಬರೀತಾಳ್ರಿ," ಎಂದು ಕೈ ಮುಗಿದಳು.

ಆ ಅವ್ವನ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಮಗಳ ಓದು ಒಂದು ಕಡೆ, ನಳಿಗೆಯ ಬುರುಗು ಒಂದು ಕಡೆ ಇಟ್ಟು ಆರಿಸಿಕೋ ಎಂದು ತಾಯಿಗೆ ಹೇಳಿದವರು ಬೇರೆ.

ಗೆಳತಿ ಕುಳಿತು ಬರೆದಳು. ಅವಸರ ಮಾಡಲಿಲ್ಲ. ಬುರುಗು ಬರಲಿಲ್ಲ. ಉರಿ ಹಸಿರು. ಬೇರಿಯಂ ಕ್ಲೋರೈಡ್. ಬಸ್ಸಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಒಂದೂ ತಪ್ಪಿಲ್ಲದೆ ಬರೆದಳು. ಸರ್ ಓದಿ, "ನೋಡ್ರಿ, ಬಂತಲ್ಲ ಹಸರ," ಎಂದು ಅವ್ವನಿಗೆ ತೋರಿಸಿದರು. ಅವ್ವ ಹಾಳೆಯನ್ನು ನೋಡಿ ತಲೆ ಆಡಿಸಿದಳು.

"ನಿಂದೇನು?" ಎಂದು ನನ್ನನ್ನು ಕೇಳಿದರು.

"ನಂದು ಹಂಗೇ ಇರ್ಲಿ ಸರ್."

"ಇರ್ಲಿ ಬಿಡು. ನೀ ಏನ್ ಸೈಂಟಿಸ್ಟ್ ಆಗಬೇಕಾಗ್ಯಾದ?" ಎಂದು ಹಾಳೆಯನ್ನು ಅತ್ತ ಇಟ್ಟರು. ಬದಲಿಸಲಿಲ್ಲ ಎಂಬುದನ್ನು ನಾನು ಧೈರ್ಯದ ಲೆಕ್ಕಕ್ಕೆ ಹಾಕಿಕೊಳ್ಳುವುದಿಲ್ಲ. ನನ್ನ ಟ್ರಂಕು ಯಾರೂ ಹೊತ್ತು ತಂದಿರಲಿಲ್ಲ. ನನಗೆ ಬಸವಕಲ್ಯಾಣದಲ್ಲಿ ಸೀಟು ಇತ್ತು.

ಹಾಸ್ಟೆಲ್ ಕಾಲೇಜಿನ ಹಿಂದೆಯೇ. ಅವ್ವ ಹಾಸಿಗೆ ಹೊತ್ತು ಮುಂದೆ ಹೋದಳು. ಈಗ ಅವಳ ಮುಖ ಹಗುರಾಗಿತ್ತು. ದಾರಿಯಲ್ಲಿ ಕಂಡ ಅಡುಗೆಯವಳನ್ನು ನಿಲ್ಲಿಸಿ, "ನಮ್ಮ ಹುಡುಗಿರಿ, ಅಡ್ವಾನ್ಸ್," ಎಂದು ಹೇಳಿದಳು. ನಾವಿಬ್ಬರೂ ಟ್ರಂಕಿನ ಎರಡು ಕಡೆ ಹಿಡಿದುಕೊಂಡು ಹಿಂದೆ ನಡೆದೆವು. ಗೆಳತಿ ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದಳು. ಅವಳಿಗೆ ನಾಚಿಕೆಯಾಗಿದೆ, ಅಳು ಬಂದಿದೆ ಎಂದುಕೊಂಡೆ. ನಾನು ಆ ಸರ್‌ನನ್ನು ಮನಸ್ಸಿನಲ್ಲಿಯೇ ಬೈಯುತ್ತಿದ್ದೆ. ಹಾಸ್ಟೆಲಿನ ಮೆಟ್ಟಿಲ ಹತ್ತಿರ ಅವಳು ಟ್ರಂಕನ್ನು ಇಳಿಸಿದಳು.

"ಏ," ಎಂದಳು, "ನಾ ಎತ್ತರದಿಂದ ಬಿಟ್ಟಿದ್ನೇನ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಆ್ಯಸಿಡ್. ಎತ್ತರದಿಂದ ಬಿಟ್ನೇನ?"

"ಇಲ್ಲ. ಎರಡನೇ ಸಲ ಹನಿ ಹನಿ ಬಿಟ್ಟಿ. ಅವಾಗೂ ಬಂತು."

"ಹನೀನ ಬಿಟ್ನೇನ?"

ಅವಳು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ, ಚೇಷ್ಟೆ ಮಾಡುತ್ತಿರಲಿಲ್ಲ. ಅವಳ ಕಣ್ಣುಗಳನ್ನು ನೋಡಿ ಹೇಳುತ್ತಿದ್ದೇನೆ: ಅವಳು ನಿಜವಾಗಿಯೂ ಕೇಳುತ್ತಿದ್ದಳು. ಬೇರೆ ಉತ್ತರ ಬರೆದದ್ದು ನನಗೆ ಅರ್ಥವಾಗಿತ್ತು. ಅದು ಹೊಟ್ಟೆಪಾಡು, ಸೀಟಿನ ಪಾಡು. ಬರೆದು ಇನ್ನೂ ಶಾಯಿ ಆರುವ ಮೊದಲೇ ಅವಳು ಕಂಡದ್ದನ್ನು ಹಿಂದಕ್ಕೆ ಹೋಗಿ ತಿದ್ದುತ್ತಿದ್ದಾಳೆ ಎಂದು ನಾನು ಎಣಿಸಿರಲಿಲ್ಲ. ಮುಂದೆ ಎರಡು ವರ್ಷ ಅವಳು ಅದೇ ಸರ್ ಎದುರು ಕೂರಬೇಕು. ಕಂಡದ್ದು ಒಂದು, ಬರೆದದ್ದು ಇನ್ನೊಂದು ಇಟ್ಟುಕೊಂಡು ಅಷ್ಟು ದಿನ ಕೂರುವುದು ಯಾರಿಗೂ ಸುಲಭವಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು. ಬರೆದದ್ದನ್ನು ಬಿಡುವ ಹಾಗಿರಲಿಲ್ಲ.

"ಬುರುಗು ಬಂತು," ಎಂದೆ. "ಇಡೀ ಕೋಣ್ಯಾಗ ಬಂತು. ನನ್ನ ನಳಿಗ್ಯಾಗೂ ಬಂತು. ನಾ ನೋಡೀನಿ."

ಅವಳು ನನ್ನ ಹೆಗಲ ಮೇಲೆ ಕೈ ಇಟ್ಟಳು. ಹಟ ಹಿಡಿದ ಚಿಕ್ಕವರನ್ನು ಸಮಾಧಾನ ಮಾಡುವಾಗ ದೊಡ್ಡವರು ಇಡುತ್ತಾರಲ್ಲ, ಹಾಗೆ.

"ನೀನೂ ಎತ್ತರದಿಂದ ಬಿಟ್ಟಿರಬೇಕಲೇ," ಎಂದಳು.

ಒಳಗಿನಿಂದ ಅವ್ವ ಕರೆದಳು, ಕಿಟಕಿಯ ಪಕ್ಕದ ಕಾಟು ಸಿಕ್ಕಿದೆ, ಬೇಗ ಬಾ ಎಂದು. ಅವಳು ಟ್ರಂಕನ್ನು ಒಬ್ಬಳೇ ಎತ್ತಿಕೊಂಡು ಒಳಗೆ ಹೋದಳು.